ಕಲ್ಲು ಸಿಗದ ಅಕ್ಕಿ

ಮೊನ್ನೆ ಹಪ್ಪಳಾ ಒತ್ತೂವಾಗ ಬಾಜೂ ಮನಿ ವೈನಿ ಕೇಳಿದ್ರು, "ನಿಮ್ಮ ಮಗಳು ಕರೆಂಟ್ ತಯಾರಾಗೂ ಕಡೆ ಹೋಗಿ ಪೈಪ್ ನೋಡ್ತಾಳಂತ. ಅದರಾಗೇನು ನೋಡೂದರಿ?" ಮೊದಲ ನನಗೂ ತಿಳೀತಿರಲಿಲ್ಲ. ಅಕಿ ಹೇಳಿದ್ದನ್ನ ಬರೀತೀನಿ.

ನಮ್ಮ ರಾಯಚೂರಿನ ಶಕ್ತಿನಗರದಾಗ ಕೃಷ್ಣಾ ಹೊಳಿ ದಂಡಿಗೆ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡ್ತಾರಲ್ಲ, ಅಂಥಾ ಸ್ಥಾವರದಾಗ ಟರ್ಬೈನ್ ತಿರುಗಿಸಿದ ಉಗಿ ಕಂಡೆನ್ಸರಿಗೆ ಬಂದು ಮತ್ತ ನೀರಾಗ್ತದ. ಅದರಾಗ ಸಾವಿರಾರು ಸಣ್ಣ ಕೊಳವಿ. ಒಳಗ ತಂಪು ನೀರು, ಹೊರಗ ಉಗಿ. ನಡುವಿನ ಗ್ವಾಡಿ ಒಂದು ಮಿಲಿಮೀಟರ್ ಆಸುಪಾಸು ಅಷ್ಟ. ಅದು ತೂತಾದ್ರ ಹೊಳಿ ನೀರಿನ ಉಪ್ಪು ಬಾಯ್ಲರಿನ ಶುದ್ಧ ನೀರಿಗೆ ಸೇರಿ ಬಾಯ್ಲರನ್ನ ಕೆಡಸ್ತದ.

ಹಂಗಂತ ಕೊಳವಿ ಕೊಯ್ದು ನೋಡಾಕ ಬರೂದಿಲ್ಲ. ಅದಕ ತಂತಿ ಸುರುಳಿ ಇರೂ ಪ್ರೋಬ್ ಒಳಗ ಬಿಟ್ಟು ಎಳೀತಾರ. ಅದರಿಂದ ಕೊಳವಿ ಲೋಹದಾಗ ಹೊಳಿಯೊಳಗಿನ ಸುಳಿಯಂಗ ಸಣ್ಣ ಕರೆಂಟ್ ಸುತ್ತತದ. ಸೀಳು, ಸವಕಳಿ ಇದ್ದಲ್ಲೆ ಸುಳಿ ದಾರಿ ತಪ್ತದ, ಪರದೆ ಮ್ಯಾಲಿನ ಗೆರಿ ಹೊಳ್ಳತದ. ಇದಕ್ಕ ಎಡ್ಡಿ ಕರೆಂಟ್ ಅಂತಾರ. ನಮ್ಮ ಇಂಡಕ್ಷನ್ ಒಲಿ ಮ್ಯಾಲ ಪಾತ್ರಿ ಕಾಯೂದೂ ಇಂಥಾ ಸುಳಿಯಿಂದನ. ತೂಕಕ್ಕ ಮೊದಲ ತಕ್ಕಡಿ ನೋಡಿದಂಗ, ಬೇಕಂತನ ತೂತು ಹಾಕಿದ ಮಾದರಿ ಕೊಳವಿಯಾಗ ಯಂತ್ರ ಸರಿ ತೋರಸ್ತದೇನು ನೋಡ್ತಾರ. ಕೆಲಸದ ನಡುನಡುವೂ ನೋಡ್ತಾರ.

ಹೋದ ವರ್ಷ ದೂರದ ಒಂದು ಸ್ಥಾವರ ನಿಲ್ಲಿಸಿ ರಿಪೇರಿ ನಡೆದಿತ್ತು. ನಡುರಾತ್ರಿ ಮಾದರಿ ನೋಡಿದ್ರ ಯಂತ್ರದ ಲೆಕ್ಕ ತಪ್ಪಿತ್ತಂತ. ಅಂದ್ರ ಹಿಂದಿನ ಸಲ ಸರಿ ಇದ್ದಾಗಿಂದ ನೋಡಿದ ಕೊಳವಿ ಅಷ್ಟೂ ಮತ್ತ ನೋಡಬೇಕು. "ಯಾರಿಗೆ ಗೊತ್ತಾಗ್ತದ, ಸಹಿ ಮಾಡ್ರಿ" ಅಂದ್ರಂತ ಜೋಡಿ ಇದ್ದವರು. ಅಕಿ ನನಗ ಫೋನ್ ಮಾಡಿದ್ಳು. ನಾನೂ ನಿದ್ದಿಗಣ್ಣಾಗ, "ಎಲ್ಲಾರೂ ಹೇಳ್ತಾರಂದ್ರ ಸಹಿ ಮಾಡಿ ಮಲಕೋವಾ" ಅಂದೆ. ಏನೂ ಮಾತಾಡದ ಫೋನ್ ಇಟ್ಳು. ಬೆಳತನಕ ನಿಂತು ಎಲ್ಲಾ ಮತ್ತ ನೋಡಿದ್ಳು.

ಹೊಸಾದೇನೂ ಸಿಗಲಿಲ್ಲ. "ನೋಡು, ಸುಮ್ನ ನಿದ್ದಿ ದಂಡ ಆತು" ಅಂದೆ.

"ಅವ್ವಾ, ನೀ ಅಕ್ಕಿ ಆರಿಸಿದಾಗ ಕಲ್ಲು ಸಿಗಲಿಲ್ಲಂದ್ರ ಆರಿಸಿದ್ದು ದಂಡ ಏನು?" ಅಂದ್ಳು.

ನನ್ನ ಕಡೆ ಉತ್ತರ ಇರಲಿಲ್ಲ. ಈಗ ಅಕ್ಕಿ ಆರಸಾಕ ಕೂತಾಗೆಲ್ಲಾ ಆ ರಾತ್ರಿ ಆಡಿದ ಮಾತು ನೆನಪಾಗ್ತದ. ನಿಮ್ಮ ಮಕ್ಕಳೂ ಹಂಗ ಹೊತ್ತಲ್ಲದ ಹೊತ್ತಿನಾಗ ಫೋನ್ ಮಾಡಿ ಕೇಳಿದ್ರ, ನನ್ನಂಗ ಅನಬ್ಯಾಡ್ರೆವಾ.