ತಾಯಿಗಿಡದ ಹುಡುಕಾಟ

ಲೆಮಿಂಗ್ಟನ್, ಒಂಟಾರಿಯೊ

10 ಮಾರ್ಚ್ 2022
ಕ್ಯಾನಟಾನಿಕ್ ಬೀಜ ಇವತ್ತು ಟ್ರೇಗೆ ಬಿತ್ತು. ಸ್ಪೇನಿನ ರೆಸಿನ್ ಸೀಡ್ಸ್‌ನವರು ಎಂಕೆ ಅಲ್ಟ್ರಾ ಹೆಣ್ಣಿಗೆ ಜಿ13 ಹೇಜ್ ಗಂಡನ್ನು ಕೂಡಿಸಿ ತೆಗೆದ ಗಾಂಜಾ ತಳಿ. ಅಮಲು ತರುವ ಟಿಎಚ್‌ಸಿ, ಅಮಲಿಲ್ಲದ ಸಿಬಿಡಿ ಎರಡೂ ಹೆಚ್ಚುಕಡಿಮೆ ಸಮನಾಗಿರುವ ಗಿಡ ಬೇಕೆಂದವರು ಮೊದಲು ನೆನೆಯುವ ಹೆಸರುಗಳಲ್ಲಿ ಇದೂ ಒಂದು. ನಮ್ಮ ಹಸಿರುಮನೆಯಲ್ಲಿ ಹಿಂದೆ ಟೊಮೆಟೊ ಇತ್ತು. 2018ರ ಅಕ್ಟೋಬರಿನಲ್ಲಿ ಗಾಂಜಾ ಕಾನೂನು ಬದಲಾದ ಮೇಲೆ ಬೆಳೆಯೂ ಬದಲಾಯಿತು.

ರಾತ್ರಿ ಆಯಿಗೆ ಫೋನು ಮಾಡಿದೆ. ಗಾಂಜಾ ಎಂದ ಕೂಡಲೇ ದನಿ ಇಳಿಯಿತು. ಸರ್ಕಾರದ ಪರವಾನಗಿ, ಪ್ರತಿ ಗಿಡಕ್ಕೂ ಲೆಕ್ಕ, ಔಷಧದ ಕೆಲಸ ಎಂದೆಲ್ಲ ಹೇಳಿದ ಮೇಲೆ ಶಿರಸಿಯಲ್ಲಿ ಮಳೆ ಇಲ್ಲದ ಸುದ್ದಿಗೆ ಹೊರಳಿದಳು.

14 ಏಪ್ರಿಲ್
ಎಳೆಗಿಡಗಳ ಎಲೆ ಪರೀಕ್ಷೆಯ ವರದಿ ಬಂತು. ಒಂದೇ ಪೊಟ್ಟಣದ ಬೀಜ, ಮೂರು ಬಗೆಯ ಗಿಡ! ಸುಮಾರು ಅರ್ಧದಷ್ಟರಲ್ಲಿ ಎರಡೂ ಇವೆ. ಉಳಿದವುಗಳಲ್ಲಿ ಕೆಲವು ಬರೀ ಟಿಎಚ್‌ಸಿಯವು, ಕೆಲವು ಬರೀ ಸಿಬಿಡಿಯವು. ಓದಿ ಗೊತ್ತಿದ್ದ ವಿಷಯವೇ. ಆದರೂ ನಾನೇ ನೀರೆರೆದ ಗಿಡಗಳಲ್ಲಿ ಮೆಂಡೆಲನ ಲೆಕ್ಕ ಕಂಡಾಗ ಮೈ ಜುಮ್ಮೆಂದಿತು.

ಗಿಡ ಮೊದಲು ಸಿಬಿಜಿಎ ಎಂಬ ಒಂದು ಆಮ್ಲ ಮಾಡಿಕೊಳ್ಳುತ್ತದೆ. ಅದನ್ನು ಒಂದು ಕಿಣ್ವ ಟಿಎಚ್‌ಸಿಯ ಆಮ್ಲರೂಪವಾದ ಟಿಎಚ್‌ಸಿಎ ಮಾಡಿದರೆ, ಇನ್ನೊಂದು ಸಿಬಿಡಿಯ ಆಮ್ಲರೂಪವಾದ ಸಿಬಿಡಿಎ ಮಾಡುತ್ತದೆ. ಕಚ್ಚಾಮಾಲು ಒಂದೇ, ಪೈಪೋಟಿ ಇಬ್ಬರದು. ಎರಡು ಕಿಣ್ವಗಳ ಜೀನ್‌ಗಳನ್ನೂ, ತಾಯಿಯಿಂದ ಒಂದು, ತಂದೆಯಿಂದ ಒಂದು ಎಂಬಂತೆ ಪಡೆದ ಗಿಡದಲ್ಲಿ ಮಾತ್ರ ಎರಡೂ ಹುಟ್ಟುತ್ತವೆ. ಸಂಶೋಧಕ ಡಿ ಮೈಯರ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ತೋರಿಸಿಕೊಟ್ಟರು: ಇಂಥ ಮಿಶ್ರಗಿಡದ ಮುಂದಿನ ಪೀಳಿಗೆ 1:2:1ರಂತೆ ಒಡೆಯುತ್ತದೆ. ಅದಕ್ಕೂ ಮೊದಲೇ, 1973ರಲ್ಲಿ, ಈ ಕೆನಡಾದವರೇ ಆದ ಅರ್ನೆಸ್ಟ್ ಸ್ಮಾಲ್ ಮತ್ತು ಬೆಕ್‌ಸ್ಟೆಡ್ ಗಾಂಜಾವನ್ನು ರಾಸಾಯನಿಕ ಗುಣದ ಮೇಲೆ ವಿಂಗಡಿಸಿದ್ದರು. ನಮಗೆ ಬೇಕಾದ್ದು ಅವರ ಎರಡನೇ ಬಗೆ, ಎರಡೂ ಇರುವಂಥದ್ದು.

ಅಂದರೆ ಇಂಥ ಮಿಶ್ರಗಿಡದ ಸಮತೋಲವನ್ನು ಅದರ ಬೀಜದಲ್ಲಿ ಕಾಪಾಡಲಾಗುವುದಿಲ್ಲ. ನಮ್ಮ ಕಡೆ ಒಳ್ಳೆಯ ಅಪ್ಪೆಮಿಡಿಯ ಗೊರಟು ಊರಿದರೆ ಅದೇ ಪರಿಮಳದ ಮರ ಸಿಗುವ ಭರವಸೆ ಇಲ್ಲವಲ್ಲ, ಕಸಿಯೇ ಗತಿ, ಹಾಗೆಯೇ ಇದೂ. ಒಂದು ತಾಯಿಗಿಡ ಆರಿಸಿ, ಅದರ ಕುಡಿಗಳನ್ನೇ ಬೇರು ಬರಿಸಿ ಬೆಳೆಸಬೇಕು.

20 ಮೇ
ಎರಡೂ ಇರುವ ಹೆಣ್ಣುಗಿಡಗಳನ್ನಷ್ಟೇ ಇಟ್ಟುಕೊಂಡಿದ್ದೇವೆ. ಪ್ರತಿಯೊಂದರಿಂದ ಕುಡಿ ಕತ್ತರಿಸಿ ನಂಬರ್ ಹಾಕಿ, ದೀರ್ಘ ಹಗಲಿನ ಕೋಣೆಯಲ್ಲಿ ಬೇರೆ ಇಟ್ಟಾಯಿತು. ದೊಡ್ಡ ಗಿಡಗಳಿಗೆ ಇಂದಿನಿಂದ ಹನ್ನೆರಡು ತಾಸು ಕತ್ತಲು. ಹೂ ಬಿಡಲು ಅವಕ್ಕೆ ಉದ್ದನೆಯ ರಾತ್ರಿ ಬೇಕು.

8 ಜುಲೈ
ಈರೀ ಸರೋವರದ ಕಡೆಯ ಸೆಕೆ. ತೇವ ಏರಿದರೆ ಹೂಗೊಂಚಲಿನೊಳಗೆ ಬೂದು ಬೂಷ್ಟು ಹಿಡಿಯುತ್ತದೆ, ಹೊರಗಿಂದ ಕಾಣುವ ಹೊತ್ತಿಗೆ ಒಳಗೆಲ್ಲ ಕೊಳೆತಿರುತ್ತದೆ. ನಂಬರ್ 17ರ ಗೆಣ್ಣುಗಳ ನಡುವೆ ಅಂತರ ಹೆಚ್ಚು, ಗೊಂಚಲು ಸಡಿಲ, ಗಾಳಿ ಆಡುತ್ತದೆ. ಪಕ್ಕದ 9 ಕುಳ್ಳಗೆ, ಒತ್ತೊತ್ತಾಗಿ ತೂಕದ ಹೂ ಕಟ್ಟಿದೆ. ಮ್ಯಾನೇಜರ್‌ಗೆ 9ರ ಮೇಲೆ ಕಣ್ಣು. ಭೂತಗನ್ನಡಿಯಲ್ಲಿ ನೋಡಿದೆ: 17ರ ರಾಳದ ಗುಂಡುತಲೆಗಳು ಹಾಲುಬಣ್ಣಕ್ಕೆ ತಿರುಗಿವೆ, ಎಲ್ಲ ಕೊಂಬೆಗಳಲ್ಲೂ ಏಕಸಮ.

2 ಆಗಸ್ಟ್
ಒಣಗಿದ ಹೂವಿನ ಲ್ಯಾಬ್ ವರದಿ. 17ರಲ್ಲಿ ಟಿಎಚ್‌ಸಿ, ಸಿಬಿಡಿ ಎರಡೂ ಶೇ. 6ರ ಆಸುಪಾಸು, ಮೇಲಿನ ಹೂ, ಕೆಳಗಿನ ಹೂ ಎರಡರಲ್ಲೂ ಅನುಪಾತ ಅದೇ. ಕೆಳಗೆ ಬೆಳಕು ಕಮ್ಮಿ, ಒಟ್ಟು ಮೊತ್ತ ಕಮ್ಮಿ, ಆದರೆ ಅನುಪಾತ ಅಲುಗಿಲ್ಲ. ನೀರು, ಗೊಬ್ಬರ, ದೀಪದಿಂದ ನಾವು ಹೆಚ್ಚುಕಮ್ಮಿ ಮಾಡಬಲ್ಲದ್ದು ಮೊತ್ತವನ್ನು ಮಾತ್ರ.

ಕೆನಡಾ 2005ರಲ್ಲೇ ಔಷಧವಾಗಿ ಒಪ್ಪಿದ ಸ್ಯಾಟಿವೆಕ್ಸ್ ಸ್ಪ್ರೇಯಲ್ಲಿ ಒಂದು ಒತ್ತಿಗೆ 2.7 ಮಿಲಿಗ್ರಾಂ ಟಿಎಚ್‌ಸಿ, 2.5 ಮಿಲಿಗ್ರಾಂ ಸಿಬಿಡಿ. ಅಲ್ಲಿ ಎರಡು ಬೇರೆ ಗಿಡಗಳ ಸಾರವನ್ನು ಅಳೆದು ಬೆರೆಸುತ್ತಾರೆ. ಹೂವನ್ನೇ ಕೊಡುವವರಿಗೆ ಆ ಅನುಕೂಲವಿಲ್ಲ. ಸ್ನಾಯುಸೆಳೆತದಿಂದ ನರಳುವವರು ಹೋದ ತಿಂಗಳು ಕೊಂಡ ಡಬ್ಬಿಯೂ ಈ ತಿಂಗಳದ್ದೂ ಒಂದೇ ಆಗಿರಬೇಕಾದರೆ ಗಿಡವೇ ಒಂದಾಗಿರಬೇಕು. ಮೀಟಿಂಗಿನಲ್ಲಿ ಇದನ್ನೇ ಹೇಳಿದೆ. ತೂಕ ಕಮ್ಮಿಯಾದರೂ 17 ಇರಲಿ ಎಂದು ತೀರ್ಮಾನವಾಯಿತು.

11 ಆಗಸ್ಟ್
ಕುಡಿಯಿಂದ ಬೆಳೆಸುವುದಕ್ಕೂ ಒಂದು ಬೆಲೆಯಿದೆ. ತಾಯಿಗೆ ಹಾಪ್ ಲೇಟೆಂಟ್ ವೈರಾಯ್ಡ್ ಎಂಬ ರೋಗಾಣು ತಗುಲಿದ್ದರೆ ಮಕ್ಕಳಿಗೆಲ್ಲ ಅದೇ. ಕತ್ತರಿಯ ಅಲಗಿನಿಂದಲೂ ಹರಡುತ್ತದೆ. ಸೋಂಕಿದ ಗಿಡ ಗಿಡ್ಡಾಗಿ, ರಾಳ ಸೊರಗುತ್ತದೆ. ಕೆಲವು ಗಿಡಗಳಲ್ಲಿ ಏನೂ ಕಾಣುವುದೇ ಇಲ್ಲ. 17ರ ಎಲೆ, ಬೇರು ಎರಡನ್ನೂ ಪರೀಕ್ಷೆಗೆ ಕಳಿಸಿದ್ದೆವು. ಸೋಂಕಿಲ್ಲ ಎಂದು ಇವತ್ತು ಮಧ್ಯಾಹ್ನ ಉತ್ತರ ಬಂತು. ಒಂದು ತುದಿ ಟಿಶ್ಯೂ ಕಲ್ಚರ್‌ಗೆ ಹೋಗಿದೆ. ನಾಳೆ ಬೆಳಿಗ್ಗೆ ಹೊಸ ಬ್ಲೇಡುಗಳೊಂದಿಗೆ ಕುಡಿ ಕತ್ತರಿಸುವ ಕೆಲಸ ಶುರು.