ಅಳು ಕೇಳದ ಆ ನಿಮಿಷಗಳು

ಹೆರಿಗೆ ಕೋಣೆಯ ಹೊರಗೆ ಕುಳಿತವರು ಕಾಯುವುದು ಒಂದೇ ಒಂದು ಸದ್ದಿಗಾಗಿ. 2012ರ ಮಳೆಗಾಲದ ಒಂದು ರಾತ್ರಿ ಉಮ್ಮ ಮತ್ತು ನಾನು ಹಾಗೆ ಕಾದಿದ್ದೆವು. ಒಳಗೆ ನನ್ನ ತಂಗಿ. ಚೊಚ್ಚಲ ಹೆರಿಗೆ. ಬೆಳಗಿನಿಂದ ನೋವು. "ಮಗು ಆಯಿತು" ಎಂದು ಆಯಾ ಬಂದು ಹೇಳಿದರು. ಆದರೆ ಅಳು ಕೇಳಿಸಲಿಲ್ಲ.

ನರ್ಸ್ ಮಗುವಿನ ಬೆನ್ನು ತಿಕ್ಕುತ್ತಲೇ ಇದ್ದರಂತೆ. ಮಗುವಿಗೆ ಉಸಿರು ತುಂಬುವ ಚೀಲ ಬೇರೊಂದು ಕೋಣೆಯ ಕಪಾಟಿನಲ್ಲಿತ್ತು. ಅದನ್ನು ಹುಡುಕಿ ತರುವಷ್ಟರಲ್ಲಿ ನಿಮಿಷಗಳು ಸರಿದಿದ್ದವು. ಕೊನೆಗೊಮ್ಮೆ ಕ್ಷೀಣವಾದ ನರಳಾಟ ಕೇಳಿಸಿದಾಗ ಅಪಾಯ ಕಳೆಯಿತೆಂದೇ ನಂಬಿದೆವು. ನಸುಕಿನಲ್ಲಿ ಮಗುವಿಗೆ ಫಿಟ್ಸ್ ಬಂತು.

ನಗರದ ಆಸ್ಪತ್ರೆಯ ಮಕ್ಕಳ ವೈದ್ಯರು ನಮ್ಮನ್ನು ಕೂರಿಸಿ ವಿವರಿಸಿದರು. ಆಮ್ಲಜನಕವೂ ರಕ್ತವೂ ಸಾಲದಾದರೆ ಮೆದುಳಿನ ಜೀವಕೋಶಗಳು ನಿಮಿಷಗಳಲ್ಲೇ ಸಾಯತೊಡಗುತ್ತವೆ. ಉಸಿರು ಮರಳಿದ ಮೇಲೂ ಹಾನಿ ನಿಲ್ಲುವುದಿಲ್ಲ. ಕೆಲವು ಗಂಟೆಗಳ ಬಳಿಕ ಅದು ಮತ್ತೆ ಹಬ್ಬುತ್ತದೆ.

ಮನೆಯಲ್ಲಿ ನಡೆದ ವಿಚಾರಣೆಯೇ ಬೇರೆ. ಗ್ರಹಣದ ದಿನ ಹೊರಗೆ ಹೋಗಿದ್ದಳಾ? ಭಾರ ಎತ್ತಿದ್ದಳಾ? ಬಂದವರೆಲ್ಲ ಕೇಳಿದ್ದು ತಂಗಿಯನ್ನೇ. ಅವಳು ತಲೆ ತಗ್ಗಿಸಿ ಕೂತಿರುತ್ತಿದ್ದಳು. ಹೊಕ್ಕುಳಬಳ್ಳಿ ಮಗುವಿಗಿಂತ ಮುಂಚೆ ಜಾರಬಹುದು, ಮಾಸು ಮೊದಲೇ ಬೇರ್ಪಡಬಹುದು, ಹೆರಿಗೆ ಮುಂದುವರಿಯದೆ ನಿಂತುಬಿಡಬಹುದು. ಇದರಲ್ಲಿ ತಾಯಿಯ ತಪ್ಪೇನು?

ಇಂಥ ಶಿಶುಗಳ ದೇಹವನ್ನು ಹುಟ್ಟಿದ 6 ಗಂಟೆಯೊಳಗೆ ತಂಪಾಗಿಸಲು ಆರಂಭಿಸಿ, 72 ಗಂಟೆ ಹಾಗೇ ಇಡುವ ಚಿಕಿತ್ಸೆಯೊಂದಿದೆ. ಶ್ರೀಮಂತ ದೇಶಗಳಲ್ಲಿ ಅದರಿಂದ ಅನೇಕ ಮಕ್ಕಳಿಗೆ ಒಳಿತಾಗಿದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸಾವು ಅಥವಾ ಅಂಗವೈಕಲ್ಯದ ಒಟ್ಟು ಪ್ರಮಾಣ ಕಡಿಮೆಯಾಗಲಿಲ್ಲ, ತಂಪಾಗಿಸಿದ ಮಕ್ಕಳಲ್ಲೇ ಸಾವು ಹೆಚ್ಚಿತ್ತು. ಕಳೆದುಹೋದ ನಿಮಿಷಗಳನ್ನು ಯಂತ್ರವೊಂದು ತಂದುಕೊಡುತ್ತದೆಂದು ನಂಬಿ ಕೂರುವಂತಿಲ್ಲ.

ಹಾಗಾಗಿ ಮೊದಲ ನಿಮಿಷವೇ ಮುಖ್ಯ. ನೂರು ಶಿಶುಗಳಲ್ಲಿ ಐದರಿಂದ ಹತ್ತಕ್ಕೆ ಉಸಿರಾಟ ಆರಂಭಿಸಲು ಸ್ವಲ್ಪ ನೆರವು ಬೇಕಾಗುತ್ತದೆ. ಹೆಚ್ಚಿನವಕ್ಕೆ ಒರೆಸಿ ಬೆಚ್ಚಗಿಟ್ಟು ಬೆನ್ನು ತಿಕ್ಕಿದರೆ ಸಾಕು. ಉಳಿದವಕ್ಕೆ ಆ ಚೀಲ, ಮುಖಕ್ಕೆ ಹೊಂದುವ ಮಾಸ್ಕ್ ಮತ್ತು ಪಳಗಿದ ಎರಡು ಕೈಗಳು ಬೇಕು. ಹೆರಿಗೆ ಮಾಡಿಸುವ ಸಿಬ್ಬಂದಿಗೆ ಇದನ್ನೇ ಕಲಿಸಲೆಂದು ಕೇಂದ್ರ ಸರಕಾರ 2009ರಲ್ಲಿ 'ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ' ಆರಂಭಿಸಿತು.

ಹೆರಿಗೆಗೆ ಆಸ್ಪತ್ರೆ ಹುಡುಕುವಾಗ ನಾವು ರೂಮು ಹೇಗಿದೆ, ಬಿಲ್ಲು ಎಷ್ಟಾಗುತ್ತದೆ ಎಂದು ವಿಚಾರಿಸುತ್ತೇವೆ. ಮಗು ಅಳದಿದ್ದರೆ ನೋಡಿಕೊಳ್ಳುವವರು ಯಾರು, ಚೀಲ ಮಂಚದ ಪಕ್ಕದಲ್ಲೇ ಇರುತ್ತದೆಯೇ ಎಂದು ಕೇಳಿದ್ದುಂಟೇ? ನಾವೂ ಕೇಳಿರಲಿಲ್ಲ.

ತಂಗಿಯ ಮಗನಿಗೆ ಈಗ ಹದಿಮೂರು ದಾಟಿದೆ. ನಡೆಯಲಾರ, ಮಾತು ಬಾರದು. ಗೇಟಿನ ಬಳಿ ಅಪ್ಪನ ರಿಕ್ಷಾದ ಸದ್ದಾದರೆ ಮುಖವೆಲ್ಲ ನಗು. ದಿನವೂ ಅವನ ಬಿಗಿದ ಕಾಲುಗಳಿಗೆ ವ್ಯಾಯಾಮ ಮಾಡಿಸುವ ತಂಗಿಯನ್ನು ಜನ ಈಗಲೂ ಕೇಳುತ್ತಾರೆ, "ಯಾಕೆ ಹೀಗಾಯಿತು?"

ಪ್ರಶ್ನೆ ಸರಿಯಾದದ್ದೇ. ಕೇಳಬೇಕಾದ್ದು ಅವಳನ್ನಲ್ಲ.