ಗೆಣ್ಣಿಲ್ಲದ ಎಲೆ

ಪಕ್ಕದ ಮನೆಯ ಹುಡುಗಿ ಆನ್‌ಲೈನಿನಲ್ಲಿ ಮಾನ್‌ಸ್ಟೆರಾ ಗಿಡ ತರಿಸಿಕೊಂಡಳು. ರಟ್ಟಿನ ಡಬ್ಬಿ ಬಿಚ್ಚಿದರೆ ಒಳಗಿದ್ದದ್ದು ಒಂದೇ ಒಂದು ಎಲೆ. ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ಅಗಲ, ಅಂಚಿನಿಂದ ನಡುನರದತ್ತ ಸೀಳಿಕೊಂಡ ದಟ್ಟ ಹಸಿರು, ಕೆಳಗೆ ಮೊಳದುದ್ದದ ತೊಟ್ಟು. ಅವಳು ಅದನ್ನು ಗಾಜಿನ ಬಾಟಲಿಯ ನೀರಿನಲ್ಲಿಟ್ಟು ಕಿಟಕಿಯ ಪಕ್ಕ ಕೂರಿಸಿದಳು. ಸ್ವಲ್ಪ ದಿನಕ್ಕೆ ತೊಟ್ಟಿನ ತುದಿಯಲ್ಲಿ ಬಿಳಿ ಬೇರೂ ಮೂಡಿತು. ಮಳೆಗಾಲ ಹೋಯಿತು, ಚಳಿಗಾಲವೂ ಹೋಯಿತು. "ಅಕ್ಕ, ಬೇರು ಇಷ್ಟು ಚೆನ್ನಾಗಿದೆ, ಎರಡನೇ ಎಲೆ ಯಾವಾಗ ಬರತ್ತೆ?" ಎಂದು ಕೇಳಿದಳು.

ಬರುವುದಿಲ್ಲ. ಎಲೆ ತಿಂಗಳುಗಟ್ಟಲೆ ಹಸಿರಾಗಿ ನಿಲ್ಲಬಹುದು, ಬೇರು ಬಾಟಲಿಯ ತುಂಬ ಹಬ್ಬಬಹುದು. ಆದರೂ ಇನ್ನೊಂದು ಎಲೆ ಬರುವುದಿಲ್ಲ. ಅದಕ್ಕೆ ಗೆಣ್ಣಿಲ್ಲ. ಆ ಮಾತನ್ನು ಅವಳಿಗೆ ಹೇಳಿದ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕತ್ತರಿ ಹಿಡಿದು ಗಿಡ ಮಾರುವವರಿಗೆ ಇಷ್ಟು ಗೊತ್ತಿಲ್ಲದೆ ಇರುತ್ತದೆಯೇ?

ಮಾನ್‌ಸ್ಟೆರಾ ಒಂದು ಬಳ್ಳಿ. ಅದರ ದಪ್ಪ ಕಾಂಡವನ್ನು ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಉಂಗುರದಂಥ ಗುರುತುಗಳು ಕಾಣುತ್ತವೆ. ಎಲೆಯ ತೊಟ್ಟು ಕಾಂಡಕ್ಕೆ ಕೂತ ಜಾಗ ಅದು, ಅದೇ ಗೆಣ್ಣು. ಅಲ್ಲೇ ಒಂದು ಸಣ್ಣ ಕಣ್ಣು ಉಬ್ಬಿರುತ್ತದೆ, ಅಲ್ಲಿಂದಲೇ ಕಂದುಬಣ್ಣದ ಗಾಳಿಬೇರು ಹೊರಟಿರುತ್ತದೆ. ಮುಂದಿನ ಚಿಗುರು ಹುಟ್ಟುವುದು ಆ ಕಣ್ಣಿನಿಂದ. ತೊಟ್ಟಿನಲ್ಲಿ ಆ ಕಣ್ಣು ಇಲ್ಲ. ಮೆಣಸಿನ ಬಳ್ಳಿ ಬೆಳೆಸುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬುಡದಿಂದ ಹರಿದ ಹಂಬನ್ನು ಎರಡು ಮೂರು ಗೆಣ್ಣು ಸೇರಿಸಿ ತುಂಡು ಮಾಡಿ ಪ್ಲಾಸ್ಟಿಕ್ ಚೀಲದ ಮಣ್ಣಿಗೆ ಊರುತ್ತಾರೆ. ಮೆಣಸಿನ ಎಲೆ ನೆಟ್ಟು ಬಳ್ಳಿಗೆ ಕಾದವರನ್ನು ನಾನು ಕಂಡಿಲ್ಲ.

ಮಾಡುವ ಕೆಲಸ ಬಹಳ ಸುಲಭ. ಗಾಳಿಬೇರು ಇರುವ ಗೆಣ್ಣನ್ನು ಹುಡುಕಿ, ಅದರ ಸ್ವಲ್ಪ ಕೆಳಗೆ ಹರಿತವಾದ, ಶುಭ್ರವಾದ ಚಾಕುವಿನಿಂದ ಕತ್ತರಿಸಬೇಕು. ರಸ ಕೈಗೆ ತಾಗಿದರೆ ತುರಿಸುತ್ತದೆ, ಸೋಪು ಹಾಕಿ ತೊಳೆಯಬೇಕು. ಕತ್ತರಿಸಿದ ಬಾಯಿ ಕೆಲವು ಗಂಟೆ ಒಣಗಲಿ. ಆಮೇಲೆ ಗೆಣ್ಣು ಮುಳುಗುವಷ್ಟು ನೀರಿನಲ್ಲಿಟ್ಟು ವಾರಕ್ಕೊಮ್ಮೆ ನೀರು ಬದಲಿಸಿದರೆ ಸಾಕು, ಕೆಲವು ವಾರಗಳಲ್ಲಿ ಹೊಸ ಬೇರು ಬರುತ್ತದೆ. ಬೇರು ಬೆರಳುದ್ದ ಆದಾಗ ಮಣ್ಣಿಗೆ. ಬರೀ ಕೆಂಪುಮಣ್ಣು ಬೇಡ, ನೀರು ಕಟ್ಟಿಕೊಂಡು ಬೇರು ಕೊಳೆಯುತ್ತದೆ. ತೆಂಗಿನ ನಾರಿನ ಪುಡಿ, ಎಲೆಗೊಬ್ಬರ, ಒಂದಿಷ್ಟು ಇದ್ದಿಲ ಚೂರು ಬೆರೆಸಿ ಸಡಿಲ ಮಾಡಿಕೊಳ್ಳಬೇಕು. ಮೇಲಿನ ಮಣ್ಣು ಒಣಗಿದ ಮೇಲೆಯೇ ಮತ್ತೆ ನೀರು. ಎಲೆಗೆ ಹೊಳಪು ಬರಿಸುವ ದ್ರಾವಣಗಳೆಲ್ಲ ಯಾಕೆ? ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಅದಕ್ಕಿಂತ ಚೆನ್ನಾಗಿ ಹೊಳೆಯುತ್ತದೆ.

ಈ ಗಿಡದ ಊರು ದಕ್ಷಿಣ ಮೆಕ್ಸಿಕೋದಿಂದ ಪನಾಮಾವರೆಗಿನ ಮಳೆಕಾಡು. 1840ರ ದಶಕದ ಆರಂಭದಲ್ಲಿ ಮೆಕ್ಸಿಕೋದಲ್ಲಿ ಗಿಡಗಳನ್ನು ಹುಡುಕುತ್ತ ತಿರುಗಿದ ಡೆನ್ಮಾರ್ಕಿನ ಸಸ್ಯವಿಜ್ಞಾನಿ ಫ್ರೆಡೆರಿಕ್ ಲೀಬ್‌ಮನ್ 1849ರಲ್ಲಿ ಅದಕ್ಕೆ ಮಾನ್‌ಸ್ಟೆರಾ ಡೆಲಿಸಿಯೋಸ ಎಂದು ಹೆಸರಿಟ್ಟ. ಅಲ್ಲಿ ಅದು ದೊಡ್ಡ ಮರಗಳನ್ನು ಅಪ್ಪಿಕೊಂಡು ಮೇಲೇರುತ್ತದೆ. ಈ ಕುಲದ ಇನ್ನೊಂದು ಬಳ್ಳಿಯ ಎಳೆ ಸಸಿಯ ನಡೆ ಮಾತ್ರ ಬೆರಗು ಹುಟ್ಟಿಸುವಂಥದ್ದು. ಡೊನಾಲ್ಡ್ ಸ್ಟ್ರಾಂಗ್ ಮತ್ತು ಥಾಮಸ್ ರೇ 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದನ್ನು ದಾಖಲಿಸಿದರು. ನೆಲಕ್ಕೆ ಬಿದ್ದ ಬೀಜದ ಮೊಳಕೆ ಬೆಳಕಿನ ಕಡೆಗೆ ಹೋಗುವುದಿಲ್ಲ. ಅತಿ ಕತ್ತಲು ಯಾವ ದಿಕ್ಕಿನಲ್ಲಿದೆಯೋ ಅತ್ತ ತೆವಳುತ್ತದೆ. ಕಾಡಿನಲ್ಲಿ ಅಂಥ ಕತ್ತಲೆಂದರೆ ದೊಡ್ಡ ಮರದ ಬೊಡ್ಡೆ. ಬೊಡ್ಡೆ ಸಿಕ್ಕಿದ ಮೇಲೆ ಮುಖ ಬೆಳಕಿನತ್ತ ತಿರುಗುತ್ತದೆ, ಹತ್ತುವುದು ಶುರುವಾಗುತ್ತದೆ.

ಮಾನ್‌ಸ್ಟೆರಾದ ಎಳೆ ಗಿಡದ ಎಲೆ ಇಡಿಯಾಗಿರುತ್ತದೆ. ಗಿಡ ಬಲಿತು, ಬೆಳಕು ಸಿಕ್ಕಂತೆ ತೂತು, ಸೀಳು ಬರುತ್ತವೆ. ಸುರುಳಿ ಬಿಚ್ಚುವ ಮೊದಲೇ, ಮೊಗ್ಗಿನೊಳಗೇ ಆ ಜಾಗದ ಜೀವಕೋಶಗಳು ಸತ್ತು ತೂತು ಸಿದ್ಧವಾಗಿರುತ್ತದೆ. ಟೀವಿಯ ಹಿಂದಿನ ಕತ್ತಲೆ ಮೂಲೆಯಲ್ಲಿ ಕುಂಡವಿಟ್ಟು "ನಮ್ಮ ಗಿಡಕ್ಕೆ ಮಾತ್ರ ತೂತೇ ಬರಲ್ಲ" ಎಂದು ಕೊರಗುವ ಗೆಳತಿಯರು ನನಗಿದ್ದಾರೆ. ಟೀವಿ ನೋಡುವವರು ನೀವು, ಗಿಡ ಅಲ್ಲ. ಅದನ್ನು ಕಿಟಕಿಯ ಬಳಿ ತನ್ನಿ. ನೆತ್ತಿಯ ಬಿಸಿಲು ಬೇಡ, ಬೆಳಕು ಧಾರಾಳವಾಗಿ ಇರಲಿ, ಪಕ್ಕದಲ್ಲಿ ನಾರು ಸುತ್ತಿದ ಒಂದು ಕೋಲು ನೆಡಿ.

ತೀರ್ಥಹಳ್ಳಿ ಕಡೆಯಿಂದ ಬೆಂಗಳೂರಿಗೆ ಬಂದಿದ್ದ ಚಿಕ್ಕಮ್ಮ ನಮ್ಮ ಮನೆಯ ಮಾನ್‌ಸ್ಟೆರಾವನ್ನು ಸುತ್ತು ಹಾಕಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದ್ರಲ್ಲಿ ಪತ್ರೊಡೆ ಆಗ್ತದೇನೇ?" ಆಗುವುದಿಲ್ಲ, ಬಾಯಿ ಗಂಟಲು ಉರಿದುಹೋಗುತ್ತದೆ ಎಂದೆ. ಕಾಡಿನಲ್ಲಿ ಬೆಳೆದರೆ ಇದಕ್ಕೊಂದು ಉದ್ದನೆಯ ಕಾಯಿ ಬಿಡುತ್ತದೆ, ಹಣ್ಣಾಗಲು ವರ್ಷ ಬೇಕು, ಹಣ್ಣಾದರೆ ಅನಾನಸು ಬಾಳೆಹಣ್ಣು ಬೆರೆಸಿದ ಹಾಗೆ ರುಚಿ ಎಂದೂ ಹೇಳಿದೆ. "ವರ್ಷ ಯಾರು ಕಾಯ್ತಾರೆ ಮಾರಾಯ್ತಿ. ಇಷ್ಟು ದೊಡ್ಡ ಎಲೆ ದಂಡ ಅಲ್ದಾ?" ಎಂದು ಅವರು ತೀರ್ಪು ಕೊಟ್ಟರು.

ಅವರ ಪ್ರಶ್ನೆ ತಪ್ಪಲ್ಲ. ಮಾನ್‌ಸ್ಟೆರಾ, ಕೆಸು, ಸುವರ್ಣಗೆಡ್ಡೆ, ಮನಿಪ್ಲಾಂಟ್, ಆಂಥೂರಿಯಂ ಎಲ್ಲವೂ ಒಂದೇ ಕುಟುಂಬದವು. ತುರಿಕೆಯೂ ಒಂದೇ ಕಾರಣದ್ದು: ಎಲೆ, ದಂಟುಗಳೊಳಗಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಕೆಸುವಿನ ಅಡುಗೆಗೆಲ್ಲ ಹುಣಿಸೆಹಣ್ಣು ಬೀಳುವುದು ಆ ತುರಿಕೆಗೇ.

ಚಿಕ್ಕಮ್ಮನ ಕಣ್ಣಿಗೆ ಮಾನ್‌ಸ್ಟೆರಾದಲ್ಲಿ ಕಂಡದ್ದು ಮರಕೆಸು. ಮೃಗಶಿರ, ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಕಡೆಯ ಹಳೆಯ ಹಲಸು, ಮಾವಿನ ಮರಗಳ ಕವಲಿನಲ್ಲಿ, ಪಾಚಿ ಕಟ್ಟಿದ ತೊಗಟೆಯ ಮೇಲೆ ಅದು ಚಿಗುರುತ್ತದೆ. ಮರದ ರಸ ಹೀರುವುದಿಲ್ಲ. ಕವಲಿನಲ್ಲಿ ಸೇರಿದ ತರಗು, ಪಾಚಿ ಹಿಡಿದಿಟ್ಟ ನೀರು, ಅದಕ್ಕೆ ಅಷ್ಟೇ ಸಾಕು. ಆಷಾಢದ ಹೊತ್ತಿಗೆ ಹೃದಯದಾಕಾರದ ಎಲೆಗಳು ಮಳೆಯಲ್ಲಿ ತೊನೆಯುತ್ತಿರುತ್ತವೆ. ಮಳೆ ನಿಂತು ಬಿಸಿಲೇರಿದರೆ ಎಲೆ ಹಳದಿಯಾಗಿ ಉದುರುತ್ತದೆ, ಗೆಡ್ಡೆ ಮಾತ್ರ ಮರದ ಮೇಲೆ ಬೇಸಿಗೆ ಕಳೆಯುತ್ತದೆ.

ಹೂವು ಅಪರೂಪ, ಬೀಜ ಇನ್ನೂ ಅಪರೂಪ. ಆದರೂ ಮರದಿಂದ ಮರಕ್ಕೆ ಹೋಗುವುದು ಹೇಗೆ? ಗೆಡ್ಡೆಯಿಂದ ನೆಟ್ಟಗೆ ಎದ್ದ ಕಡ್ಡಿಗಳ ಮೇಲೆ ಗೊಂಚಲು ಗೊಂಚಲಾಗಿ ಪುಟ್ಟ ಮರಿಗೆಡ್ಡೆಗಳು ಕೂತಿರುತ್ತವೆ. ಒಂದೊಂದರ ಮೈಮೇಲೂ ಸಣ್ಣ ಸಣ್ಣ ಕೊಕ್ಕೆ. ಪ್ರಾಣಿಯ ರೋಮಕ್ಕೋ ಹಕ್ಕಿಯ ಪುಕ್ಕಕ್ಕೋ ಅಂಟಿಕೊಂಡು ಇನ್ನೊಂದು ಕವಲು ಸೇರುತ್ತವೆ. ಎಲೆ ಎಷ್ಟೇ ದೊಡ್ಡದಿರಲಿ, ವಂಶ ಹೊತ್ತು ಹೋಗುವುದು ಸಾಸಿವೆ, ಕೊತ್ತಂಬರಿ ಕಾಳುಗಳ ನಡುವಿನ ಗಾತ್ರದ ಈ ಮರಿಗೆಡ್ಡೆ.

ಅಜ್ಜಿಯ ಮನೆಯಲ್ಲಿ ಮರಕೆಸು ಕೊಯ್ಯುವುದಕ್ಕೆ ನಿಯಮವಿತ್ತು. ದೋಟಿಯಲ್ಲಿ ಎಳೆದು ಬೀಳಿಸುವ ಹಾಗಿರಲಿಲ್ಲ. ದೋಟಿಯ ಕೊಕ್ಕೆಗೆ ಸಿಕ್ಕಿದರೆ ಪಾಚಿಯ ಸಮೇತ ಗೆಡ್ಡೆಯೇ ಕಿತ್ತು ಬರುತ್ತದೆ. ಏಣಿ ಇಟ್ಟು ಹತ್ತಿ, ಬಲಿತ ಎಲೆಗಳನ್ನಷ್ಟೇ ತೊಟ್ಟು ಸಹಿತ ಚಿವುಟಬೇಕು. ನಡುವಿನ ಸುರುಳಿ ಕುಡಿ ಮುಟ್ಟುವಂತಿಲ್ಲ. ಪತ್ರೊಡೆಗೆಂದು ಕೊಯ್ದ ಎಲೆಯ ಬೆನ್ನಿನ ದಪ್ಪ ನರವನ್ನು ಅಜ್ಜಿ ಮೆಟ್ಟುಗತ್ತಿಯಲ್ಲಿ ಸವರಿ ತೆಗೆಯುತ್ತಿದ್ದರು. ನೆನೆಸಿದ ಅಕ್ಕಿ, ಕಾಯಿತುರಿ, ಒಣಮೆಣಸು, ಕೊತ್ತಂಬರಿ, ಜೀರಿಗೆ, ಹುಣಿಸೆ, ಬೆಲ್ಲ ರುಬ್ಬಿದ ಗಟ್ಟಿ ಹಿಟ್ಟನ್ನು ಬೆನ್ನ ಮೇಲೆ ತೆಳುವಾಗಿ ಹಚ್ಚಿ, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು, ಎರಡೂ ಬದಿ ಒಳಗೆ ಮಡಿಸಿ ಬಿಗಿಯಾಗಿ ಸುರುಳಿ. ಹಬೆಯಲ್ಲಿ ಬೆಂದ ಸುರುಳಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ತೆಂಗಿನೆಣ್ಣೆಯಲ್ಲಿ ಕಾಯಿಸಿದರೆ ಹೊರಗಿನ ಮಳೆ ಯಾರಿಗೂ ಬೇಸರವಾಗುತ್ತಿರಲಿಲ್ಲ.

ಒಂದು ಮಳೆಗಾಲ ಗಾಳಿಗೆ ಮರಕೆಸು ಬೆಳೆದಿದ್ದ ಹಲಸಿನ ಮರವೇ ಉರುಳಿತು. ಮನೆಯವರೆಲ್ಲ ನಾಟದ ಲೆಕ್ಕ ಹಾಕುತ್ತಿದ್ದಾಗ ಅಜ್ಜಿ ಬುಟ್ಟಿ ಹಿಡಿದು ಹೋಗಿ ಕವಲಿನ ಗೆಡ್ಡೆಗಳನ್ನು ಪಾಚಿಯ ಸಮೇತ ಬಿಡಿಸಿಕೊಂಡರು. ಕೆಲವನ್ನು ತೋಟದಂಚಿನ ಮಾವಿನ ಮರಕ್ಕೆ ಬಾಳೆನಾರಿನಲ್ಲಿ ಕಟ್ಟಿಸಿದರು, ಉಳಿದವನ್ನು ಅಕ್ಕಪಕ್ಕದ ಮನೆಗಳಿಗೆ ಕಳಿಸಿದರು. "ನಮ್ಮಲ್ಲಿ ಸತ್ರೆ ಅವರ ಮನೇಲಿರ್ತದೆ" ಎನ್ನುವುದು ಅವರ ಲೆಕ್ಕ. ಮರುವರ್ಷ ಎಲೆ ಬೇಕಾದಾಗ ಪಕ್ಕದ ಮನೆಯ ಮರದಿಂದಲೂ ಬಂತು. ಗಿಡ ಉಳಿಸುವುದಕ್ಕೆ ಇದಕ್ಕಿಂತ ಭದ್ರವಾದ ದಾರಿ ನನಗೆ ಇವತ್ತಿಗೂ ಕಂಡಿಲ್ಲ. ಒಂದೇ ಮನೆಯಲ್ಲಿರುವ ಗಿಡ ಒಂದು ರೋಗಕ್ಕೆ, ಒಂದು ಬೇಸಿಗೆ ರಜೆಗೆ ಹೋಗಿಬಿಡುತ್ತದೆ. ಹತ್ತು ಮನೆಗೆ ಹಂಚಿದ ಗಿಡ ಹೋಗುವುದಿಲ್ಲ.

ಈಗ ಬಿಳಿ ಮಚ್ಚೆಯ ಮಾನ್‌ಸ್ಟೆರಾ ಸಾವಿರಗಟ್ಟಲೆ ರೂಪಾಯಿಗೆ ಹೋಗುತ್ತದೆ. ಹಸಿರಿಲ್ಲದ ಆ ಬಿಳಿ ಭಾಗ ಆಹಾರ ತಯಾರಿಸುವುದಿಲ್ಲ, ಪೂರ್ತಿ ಬಿಳಿಯಾದ ಎಲೆ ತನ್ನಷ್ಟಕ್ಕೆ ಬದುಕುವುದಿಲ್ಲ. ಬೆಲೆ ಕೊಟ್ಟು ತರುವವರ ಮೇಲೆ ನನಗೆ ಬೇಸರವಿಲ್ಲ, ಚಂದಕ್ಕೆ ಮನಸೋಲುವುದು ಸಹಜ. ಆದರೆ ಬೆಲೆ ಏರಿದಷ್ಟೂ ಕಾಂಡ ಮಾರುವವನ ಬಳಿ ಉಳಿದು, ಎಲೆ ಮಾತ್ರ ಕೊಳ್ಳುವವರ ಮನೆಗೆ ಬರುತ್ತಿದೆ. ಇದು ವ್ಯಾಪಾರವಲ್ಲ, ಮೋಸ. ಗಿಡ ಸಾಯುತ್ತಿಲ್ಲವಾದ್ದರಿಂದ ಮೋಸ ಹೋದವರಿಗೂ ಗೊತ್ತಾಗುವುದಿಲ್ಲ. ತಮ್ಮ ಆರೈಕೆಯಲ್ಲೇ ಏನೋ ಕೊರತೆ ಎಂದುಕೊಂಡು ನೀರು ಬದಲಿಸುತ್ತ ಕೂರುತ್ತಾರೆ.

ಪಕ್ಕದ ಮನೆಯ ಹುಡುಗಿಗೆ ನಮ್ಮ ಬಳ್ಳಿಯಿಂದ ಒಂದು ತುಂಡು ಕತ್ತರಿಸಿ ಕೊಟ್ಟಿದ್ದೇನೆ. ಕೊಳ್ಳುವ ಉಳಿದವರಿಗೆ ನನ್ನ ಮಾತು ಇಷ್ಟು: ಫೋಟೋದಲ್ಲಿ ಎಲೆ ನೋಡಿ ದುಡ್ಡು ಕಟ್ಟಬೇಡಿ, ಕಾಂಡ ತೋರಿಸಿ ಎನ್ನಿ, ಕಣ್ಣು ಎಲ್ಲಿದೆ ಎಂದು ಕೇಳಿ. ಮನೆಯಲ್ಲಿ ಬಲಿತ ಬಳ್ಳಿ ಇರುವವರು, ಯಾರಾದರೂ ಬಂದು "ಒಂದು ಎಲೆ ಕೊಡ್ತೀರಾ" ಎಂದರೆ ಎಲೆ ಕೊಡಬೇಡಿ. ಗೆಣ್ಣು ಕೊಡಿ.